ಇಟ್ಟಿಗೆ ನೆನೆಸಿದ ನೀರು ಹಳದಿಯಾದರೆ: ಚರ್ಮ ಹದಮಾಡುವ ಘಟಕದ ಕೆಸರನ್ನು ಮರುಬಳಸುವಾಗ ದೋಷ ಹುಡುಕುವ ಬಗೆ

ಚರ್ಮ ಹದಮಾಡುವ ಘಟಕವೊಂದರ ಕೆಸರನ್ನು ಜೇಡಿಮಣ್ಣಿಗೆ ಬೆರೆಸಿ ಸುಟ್ಟ ಇಟ್ಟಿಗೆ ನನ್ನ ಕೈಗೆ ಬಂದಿತ್ತು. ಚೆನ್ನಾಗಿ ಬೆಂದಿತ್ತು, ತಟ್ಟಿದರೆ ಠಣ್ ಎನ್ನುತ್ತಿತ್ತು, ಅಂಚು ಎಲ್ಲೂ ಮುಕ್ಕಾಗಿರಲಿಲ್ಲ. ಜೊತೆಗಿದ್ದ ಪ್ರಯೋಗಾಲಯದ ವರದಿ ‘ಮಿತಿಯೊಳಗಿದೆ’ ಎಂದಿತ್ತು. ಅರ್ಧ ಇಟ್ಟಿಗೆಯನ್ನು ಬಿಳಿ ಪಿಂಗಾಣಿ ಬೋಗುಣಿಯಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ನೀರು ನಿಂಬೆಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಚರ್ಮದ ಹದಕ್ಕೆ ಕ್ರೋಮಿಯಂ ಲವಣ ಬಳಸುತ್ತಾರೆ. ಕಣ್ಣಿಗೆ ಕಾಣುವಷ್ಟು ಹಳದಿ ಆ ಕ್ರೋಮಿಯಂನಿಂದ ಬಂದಿದ್ದರೆ ಅದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿರಬೇಕು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ಲೀಟರಿಗೆ 0.05 ಮಿಲಿಗ್ರಾಂ.

ವರದಿ ಸುಳ್ಳಲ್ಲ, ಬೋಗುಣಿಯೂ ಸುಳ್ಳು ಹೇಳುವುದಿಲ್ಲ. ಎರಡೂ ಹೇಗೆ ನಿಜವಾದವು ಎಂದು ಬಿಡಿಸಿಕೊಂಡು ಹೋದರೆ ದೋಷ ಹುಟ್ಟಿದ ಜಾಗ ಸಿಗುತ್ತದೆ. ಆ ಹುಡುಕಾಟವನ್ನು ನಾನು ಮಾಡುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಉಸಿರಿನ ವಿಷಯ

ಮಾದರಿ ತರಲು ಕೆಸರಿನ ತೊಟ್ಟಿಯ ಬಳಿ ಹೋಗುವ ಮುನ್ನ ಇದನ್ನು ಓದಿಕೊಳ್ಳಿ. ಕೂದಲು ತೆಗೆಯಲು ಸುಣ್ಣದ ಜೊತೆ ಸೋಡಿಯಂ ಸಲ್ಫೈಡ್ ಬಳಸುತ್ತಾರೆ. ಆ ಸಲ್ಫೈಡ್ ಕ್ಷಾರದಲ್ಲಿ ಇರುವವರೆಗೆ ಸುಮ್ಮನಿರುತ್ತದೆ. ಉಪ್ಪು–ಆಮ್ಲದ ಹದದ ನೀರೋ ಕ್ರೋಮ್ ಹದದ ನೀರೋ ಬಂದು ಸೇರಿ ಪಿಎಚ್ ಇಳಿದರೆ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಎದ್ದು ಬರುತ್ತದೆ. ಪಿಎಚ್ 7ರ ಹೊತ್ತಿಗೆ ಸುಮಾರು ಅರ್ಧ ಭಾಗ ಹೀಗೆ ಅನಿಲವಾಗಿ ಏಳಬಲ್ಲ ರೂಪದಲ್ಲಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಎಚ್ಚರಿಕೆ ಸಿಕ್ಕಿತು ಎಂದುಕೊಳ್ಳುತ್ತೇವೆ. ಆದರೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 100 ಭಾಗ ದಾಟಿದರೆ ಮೂಗು ಸತ್ತುಹೋಗುತ್ತದೆ. ವಾಸನೆ ನಿಂತಿತು ಎಂದು ಇಳಿದವರು ಮತ್ತೆ ಮೇಲೆ ಬಂದಿಲ್ಲ. ಅವರನ್ನು ಎತ್ತಲು ಹಿಂದೆಯೇ ಇಳಿದವರೂ ಬಂದಿಲ್ಲ.

ಹಾಗಾಗಿ ಅನಿಲ ಅಳೆಯುವ ಉಪಕರಣ, ಗಾಳಿ ಊದುವ ವ್ಯವಸ್ಥೆ, ಹೊರಗಿನಿಂದ ಗಾಳಿ ಒದಗಿಸುವ ಮುಖವಾಡ, ಹಗ್ಗ ಹಿಡಿದು ಮೇಲೆ ನಿಂತ ಇನ್ನೊಬ್ಬರು, ಇವಿಷ್ಟೂ ಇಲ್ಲದೆ ತೊಟ್ಟಿಗೆ ಇಳಿಯುವ ಮಾತೇ ಬೇಡ. ಮಾದರಿಯನ್ನು ಉದ್ದ ಹಿಡಿಕೆಯ ಸೌಟಿನಿಂದ ಮೇಲಿನಿಂದಲೇ ತೆಗೆಯಿರಿ. ಕೆಸರಿಗೆ ಆಮ್ಲ ಹಾಕುವ ಯಾವ ಪರೀಕ್ಷೆಗೂ ಮೊದಲು ಒಂದು ಚಮಚ ಕೆಸರನ್ನು ಗಾಳಿಯಾಡುವ ಹುಡ್ ಕೆಳಗಿಟ್ಟು, ಒಂದೆರಡು ಹನಿ ಆಮ್ಲ ಬಿಟ್ಟು, ಒದ್ದೆ ಮಾಡಿದ ಲೆಡ್ ಅಸಿಟೇಟ್ ಕಾಗದವನ್ನು ಮೇಲೆ ಹಿಡಿಯಿರಿ. ಕಾಗದ ಕಂದು ಅಥವಾ ಕಪ್ಪಾದರೆ ಸಲ್ಫೈಡ್ ಇದೆ, ಆಮ್ಲದ ಬಾಟಲಿ ಮುಚ್ಚಿಡಿ.

ಎಷ್ಟು ಕ್ರೋಮ್ ಎನ್ನುವುದಕ್ಕಿಂತ ಯಾವ ಕ್ರೋಮ್

ಹದಕ್ಕೆ ಬಳಸುವುದು ಕ್ಷಾರೀಯ ಕ್ರೋಮಿಯಂ ಸಲ್ಫೇಟ್. ಹಳೆಯ ಕ್ರಮದಲ್ಲಿ ಹಾಕಿದ ಕ್ರೋಮಿಯಂನಲ್ಲಿ ಹೆಚ್ಚೆಂದರೆ ನೂರಕ್ಕೆ 60–70 ಪಾಲು ಚರ್ಮಕ್ಕೆ ಹಿಡಿಯುತ್ತದೆ, ಉಳಿದ 30–40 ಪಾಲು ನೀರಿನಲ್ಲೇ ಹೊರಗೆ ಬರುತ್ತದೆ. ಅದನ್ನು ಬೇರೆಯಾಗಿ ಹಿಡಿದಿಡದೆ ಎಲ್ಲ ನೀರಿನ ಜೊತೆ ಬೆರೆಸಿದರೆ ಕೊನೆಗೆ ಕೆಸರಿನಲ್ಲಿ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ. ಈ ಹಂತದಲ್ಲಿ ಅದು ಟ್ರೈವೇಲೆಂಟ್, ಕೆಲಸದ ಮಾತಿನಲ್ಲಿ ಕ್ರೋಮ್ ಮೂರು. ಪಿಎಚ್ 8–9ರ ಸುಮಾರಿಗೆ ಇದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಮಣ್ಣಿಗೆ ಅಂಟಿಕೊಂಡು ಕೂರುತ್ತದೆ.

ಹೆಕ್ಸಾವೇಲೆಂಟ್, ಅಂದರೆ ಕ್ರೋಮ್ ಆರು, ಬೇರೆಯೇ ಪ್ರಾಣಿ. ಕ್ರೋಮೇಟ್ ಆಗಿ ನೀರಿನಲ್ಲಿ ಸಲೀಸಾಗಿ ಹರಿಯುತ್ತದೆ, ಅಂತರ್ಜಲಕ್ಕೆ ಇಳಿಯುತ್ತದೆ, ಚರ್ಮ ತೂತಾಗುವಂಥ ಹುಣ್ಣು ಮಾಡುತ್ತದೆ, ಧೂಳಾಗಿ ಒಳಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ಚರ್ಮದ ಘಟಕ ಇದನ್ನು ಬಳಸಿರುವುದೇ ಇಲ್ಲ. ಹಾಗಾದರೆ ಇಟ್ಟಿಗೆಯಲ್ಲಿ ಎಲ್ಲಿಂದ ಬಂತು? ನಾವೇ ಹುಟ್ಟಿಸಿದ್ದು. ಕ್ರೋಮ್ ಮೂರು, ಸುಣ್ಣ, ಬಿಸಿ, ಗಾಳಿ ಈ ನಾಲ್ಕೂ ಒಂದೇ ಕಡೆ ಸೇರಿದರೆ ಕ್ಯಾಲ್ಸಿಯಂ ಕ್ರೋಮೇಟ್ ಆಗುತ್ತದೆ. ಸೋಡಿಯಂ ಹೆಚ್ಚಿದ್ದರೆ ಸೋಡಿಯಂ ಕ್ರೋಮೇಟ್. ಕೆಸರನ್ನು ‘ಸುಟ್ಟುಬಿಟ್ಟರೆ ಎಲ್ಲ ಮುಗಿಯಿತು’ ಎನ್ನುವವರನ್ನು ನಾನು ಬಹಳ ಕಡೆ ಕಂಡಿದ್ದೇನೆ. ಬಯಲಿನಲ್ಲಿ ಸುಟ್ಟ ಕ್ರೋಮ್ ಕೆಸರಿನ ಬೂದಿಗಿಂತ ಕೆಟ್ಟದ್ದು ಈ ಉದ್ಯೋಗದಲ್ಲಿ ಇನ್ನೊಂದಿಲ್ಲ.

ಬಣ್ಣ ಓದುವುದು

ಬಣ್ಣ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ನೆನೆಸಿದ ನೀರು ಹಸಿರು ಅಥವಾ ನೀಲಿಹಸಿರಾದರೆ ಕ್ರೋಮ್ ಮೂರು ಕರಗಿ ಬರುತ್ತಿದೆ ಎಂದು ಅನುಮಾನಿಸಿ. ಸುಡದ ಕೆಸರಿನಲ್ಲಿ, ಸಾವಯವ ಆಮ್ಲಗಳು ಕ್ರೋಮ್ ಅನ್ನು ಹಿಡಿದು ತೇಲಿಸಿದಾಗ ಹೀಗಾಗುತ್ತದೆ. ಪಿಎಚ್ ತೀರ ಕೆಳಗಿದ್ದರೂ ಆಗುತ್ತದೆ. ಸುಣ್ಣ ಅತಿಯಾಗಿ ಪಿಎಚ್ 12ರತ್ತ ಹೋದಾಗಲೂ ಹೈಡ್ರಾಕ್ಸೈಡ್ ಮತ್ತೆ ಕರಗತೊಡಗುತ್ತದೆ. ಬೂದಿ ಹಸಿರಾಗಿದ್ದರೆ ಅದು ಕ್ರೋಮಿಯಂ ಆಕ್ಸೈಡ್, ಹಳದಿ ಗೆರೆಗಳಿದ್ದರೆ ಕ್ರೋಮೇಟ್. ಒಂದೇ ಗುಡ್ಡೆಯಲ್ಲಿ ಎರಡೂ ಇರುತ್ತವೆ.

ಕಂದು ಹಳದಿ ನೀರು, ಕಲಕಿದರೆ ಸ್ವಲ್ಪ ನೊರೆ, ಇದು ಬಹುಪಾಲು ಪ್ರೋಟೀನ್ ಮತ್ತು ಮರದ ತೊಗಟೆಯ ಟ್ಯಾನಿನ್. ಕೆಂಪುಕಂದು ಗಸಿ ತಳದಲ್ಲಿ ಕೂತರೆ ಕಬ್ಬಿಣ. ತಿಳಿಯಾದ, ಗಸಿಯಿಲ್ಲದ ಶುದ್ಧ ಹಳದಿ ಮಾತ್ರ ಕ್ರೋಮೇಟ್‌ನ ಲಕ್ಷಣ.

ಇಟ್ಟಿಗೆಯ ಮೈಮೇಲೆ ಬರುವ ಹಳದಿ–ಹಸಿರು ಕಲೆಯಲ್ಲಿ ಒಂದು ಮೋಸವಿದೆ. ಕೆಲವು ಜೇಡಿಮಣ್ಣುಗಳಲ್ಲಿ ವೆನೇಡಿಯಂ ಇರುತ್ತದೆ, ಅದರ ಲವಣ ಮಳೆಯ ನಂತರ ಇದೇ ಬಣ್ಣದಲ್ಲಿ ಮೇಲೆ ಬರುತ್ತದೆ. ಕೆಸರು ಒಂದು ಚೂರೂ ಬೆರೆಸದ ಇಟ್ಟಿಗೆಯಲ್ಲೂ ಇದು ಕಾಣುತ್ತದೆ. ಆದ್ದರಿಂದ ಅದೇ ಮಣ್ಣಿನ, ಕೆಸರಿಲ್ಲದ ಇಟ್ಟಿಗೆಯೊಂದನ್ನು ಪಕ್ಕದಲ್ಲಿಟ್ಟು ನೆನೆಸದೆ ಯಾರ ಮೇಲೂ ತಪ್ಪು ಹೊರಿಸಬೇಡಿ.

ನೇರಳೆ ಬಣ್ಣದ ಪರೀಕ್ಷೆ

ಕ್ರೋಮ್ ಆರು ಇದೆಯೇ ಇಲ್ಲವೇ ಎಂದು ಹೇಳಲು ಡೈಫಿನೈಲ್ ಕಾರ್ಬಜೈಡ್‌ನಷ್ಟು ನಂಬಿಕೆಯ ಸರಳ ಪರೀಕ್ಷೆ ಬೇರೆಯಿಲ್ಲ. 250 ಮಿಲಿಗ್ರಾಂ ಪುಡಿಯನ್ನು 50 ಮಿಲಿಲೀಟರ್ ಅಸಿಟೋನ್‌ನಲ್ಲಿ ಕರಗಿಸಿ ಕಂದು ಬಾಟಲಿಯಲ್ಲಿ ತಂಪಾಗಿಡಿ. ದ್ರಾವಣಕ್ಕೆ ಬಣ್ಣ ಬಂದಿದ್ದರೆ ಚೆಲ್ಲಿ ಹೊಸದು ಮಾಡಿಕೊಳ್ಳಿ.

ಇಟ್ಟಿಗೆಯನ್ನು ಒದ್ದೆ ಮಾಡಿಯೇ ಒಡೆಯಿರಿ, ಧೂಳು ಏಳಬಾರದು. ಒಂದು ಭಾಗ ಪುಡಿಗೆ ಹತ್ತು ಭಾಗ ಭಟ್ಟಿ ಇಳಿಸಿದ ನೀರು ಹಾಕಿ 24 ಗಂಟೆ ಅಲುಗಾಡಿಸಿ. 0.45 ಮೈಕ್ರಾನ್ ಸೋಸುಕಾಗದದಲ್ಲಿ ಸೋಸಿ. ಸೋಸಿದ 95 ಮಿಲಿಲೀಟರ್ ನೀರಿಗೆ 2 ಮಿಲಿಲೀಟರ್ ಕಾರ್ಬಜೈಡ್ ದ್ರಾವಣ ಸೇರಿಸಿ, ದುರ್ಬಲ ಸಲ್ಫ್ಯೂರಿಕ್ ಆಮ್ಲ ಹನಿಸುತ್ತಾ ಪಿಎಚ್ ಅನ್ನು 2ಕ್ಕೆ ತನ್ನಿ, 100ಕ್ಕೆ ತುಂಬಿಸಿ. ಐದರಿಂದ ಹತ್ತು ನಿಮಿಷ ಕಾಯಿರಿ.

ಆ ದಿನ ನಾನು ಅಷ್ಟು ಕಾಯಬೇಕಾಗಲಿಲ್ಲ. ಆಮ್ಲದ ಹನಿ ಬಿದ್ದ ಜಾಗದಿಂದ ನೇರಳೆ ಬಣ್ಣ ಹೊಗೆಯ ಹಾಗೆ ಇಳಿದು, ಒಮ್ಮೆ ಅಲುಗಿಸುವಷ್ಟರಲ್ಲಿ ಕೊಳವೆಯೆಲ್ಲ ಮಾಗಿದ ನೇರಳೆಹಣ್ಣಿನ ಬಣ್ಣವಾಯಿತು. ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಬಿಳಿ ಕಾಗದದ ಮೇಲಿಟ್ಟು ಮೇಲಿನಿಂದ ನೋಡಿದರೆ ತಿಳಿಗುಲಾಬಿ ಕಾಣುತ್ತದೆ. ಅಂಕಿ ಬೇಕಿದ್ದರೆ 540 ನ್ಯಾನೋಮೀಟರ್‌ನಲ್ಲಿ ಅಳೆಯಿರಿ.

ವೆನೇಡಿಯಂ ಈ ಪರೀಕ್ಷೆಯಲ್ಲೂ ಬಣ್ಣ ಕೊಡುತ್ತದೆ, ಆದರೆ ಅದು ಹಳದಿಕಂದು, ಹತ್ತು–ಹದಿನೈದು ನಿಮಿಷದಲ್ಲಿ ಮಾಸುತ್ತದೆ. ನೇರಳೆ ಮಾಸುವುದಿಲ್ಲ. ಗಡಿಯಾರ ನೋಡಿಕೊಂಡು ಎರಡು ಬಾರಿ ಓದಿದರೆ ಇವೆರಡೂ ಬೇರೆಯಾಗುತ್ತವೆ.

ಕೆಸರಿನಲ್ಲೇ ಇತ್ತೇ, ಗೂಡಿನಲ್ಲಿ ಹುಟ್ಟಿತೇ

ನೇರಳೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಇದೊಂದೇ. ಹಸಿ ಕೆಸರಿಗೆ ಮೇಲಿನ ಪರೀಕ್ಷೆಯನ್ನು ನೇರವಾಗಿ ಮಾಡಬೇಡಿ. ಅದರಲ್ಲಿರುವ ಸಲ್ಫೈಡ್, ಪ್ರೋಟೀನ್ ಎಲ್ಲ ಆಮ್ಲ ಸೋಕಿದ ಕೂಡಲೇ ಕ್ರೋಮ್ ಆರನ್ನು ಮೂರಕ್ಕೆ ಇಳಿಸಿಬಿಡುತ್ತವೆ, ‘ಇಲ್ಲ’ ಎಂಬ ಸುಳ್ಳು ಉತ್ತರ ಬರುತ್ತದೆ. ಸೋಡಿಯಂ ಕಾರ್ಬೊನೇಟ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 90–95 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಕ್ಷಾರದಲ್ಲೇ ಹೊರತೆಗೆಯುವ ವಿಧಾನ ಬೇಕು. ಹೊಸದಾಗಿ ಕೂತ ಕ್ರೋಮ್ ಹೈಡ್ರಾಕ್ಸೈಡ್ ಆ ಬಿಸಿ ಕ್ಷಾರದಲ್ಲೇ ಆರಕ್ಕೆ ಏರದಂತೆ ಮೆಗ್ನೀಸಿಯಂ ಲವಣ ಮತ್ತು ಫಾಸ್ಫೇಟ್ ಬಫರ್ ಸೇರಿಸಬೇಕು. ಜೊತೆಗೆ ಒಂದು ಮಾದರಿಗೆ ಗೊತ್ತಿರುವಷ್ಟು ಕ್ರೋಮೇಟ್ ಬೆರೆಸಿ, ಅದು ಪೂರ್ತಿ ವಾಪಸ್ ಬರುತ್ತದೆಯೇ ನೋಡಿ. ಬರದಿದ್ದರೆ ಮಾದರಿಯೇ ಅದನ್ನು ನುಂಗುತ್ತಿದೆ ಎಂದರ್ಥ, ‘ಇಲ್ಲ’ ಎಂಬ ಉತ್ತರವನ್ನು ಒಪ್ಪಬೇಡಿ.

ಹಸಿ ಕೆಸರಿನಲ್ಲೇ ಕ್ರೋಮ್ ಆರು ಸಿಕ್ಕರೆ ಹಿಂದಕ್ಕೆ ಹೋಗಿ ಮೂರು ಜಾಗ ನೋಡಿ. ವಾಸನೆ ತಡೆಯಲು ಯಾರಾದರೂ ಬ್ಲೀಚಿಂಗ್ ಪುಡಿ, ಪೆರಾಕ್ಸೈಡ್ ಅಥವಾ ಪರ್ಮಾಂಗನೇಟ್ ಹಾಕಿದ್ದಾರೆಯೇ? ಸುಣ್ಣ ತುಂಬಿದ ಕೆಸರನ್ನು ತೆಳ್ಳಗೆ ಹರಡಿ ತಿಂಗಳುಗಟ್ಟಲೆ ಒಣಗಿಸಿದ್ದಾರೆಯೇ? ಮೂರನೆಯದು ಬಹಳ ಜನ ಮರೆಯುವ ಸಂಗತಿ, ಮ್ಯಾಂಗನೀಸ್. ಸುಣ್ಣದ ನೀರಿನ ಸಲ್ಫೈಡ್ ಕಳೆಯಲು ಗಾಳಿ ಊದುವಾಗ ಮ್ಯಾಂಗನೀಸ್ ಸಲ್ಫೇಟನ್ನು ವೇಗವರ್ಧಕವಾಗಿ ಹಾಕುವ ರೂಢಿಯಿದೆ. ಅದು ಆಕ್ಸೈಡ್ ಆಗಿ ಕೆಸರಿಗೇ ಬಂದು ಸೇರುತ್ತದೆ. ಕ್ರೋಮ್ ಮೂರನ್ನು ಬೆಂಕಿಯಿಲ್ಲದೆ, ಸಾಧಾರಣ ಉಷ್ಣತೆಯಲ್ಲೇ ಆರಕ್ಕೆ ಏರಿಸಬಲ್ಲದ್ದು ಮ್ಯಾಂಗನೀಸ್ ಆಕ್ಸೈಡ್. ಮಣ್ಣಿನಲ್ಲಿ ಹೀಗಾಗುತ್ತದೆಂದು 1979ರಲ್ಲೇ ತೋರಿಸಿದ್ದಾರೆ.

ಹಸಿ ಕೆಸರು ಶುದ್ಧವಾಗಿದ್ದರೆ ತಪ್ಪು ಗೂಡಿನದು ಅಥವಾ ಮಿಶ್ರಣದ್ದು. ಅದನ್ನು ಬೇರೆ ಮಾಡಲು ನಾಲ್ಕು ಉಂಡೆ ಸಾಕು. ಬರೀ ಮಣ್ಣು ಒಂದು, ಮಣ್ಣು ಮತ್ತು ಸುಣ್ಣ ಇನ್ನೊಂದು, ಮಣ್ಣು ಮತ್ತು ಕೆಸರು ಮೂರನೆಯದು, ಮೂರೂ ಸೇರಿದ್ದು ನಾಲ್ಕನೆಯದು. ಒಂದೇ ಗೂಡಿನಲ್ಲಿ ಅಕ್ಕಪಕ್ಕ ಇಟ್ಟು ಸುಡಿ, ನೀರಿನಲ್ಲಿ ನೆನೆಸಿ ಪರೀಕ್ಷಿಸಿ. ನಾಲ್ಕನೆಯದು ಮೂರನೆಯದಕ್ಕಿಂತ ಗಾಢವಾಗಿ ನೇರಳೆಯಾದರೆ ಸುಣ್ಣವೇ ಅಪರಾಧಿ. ಎರಡೂ ಒಂದೇ ಸಮ ಗಾಢವಾದರೆ ಕೆಸರಿನಲ್ಲಿ ಆಗಲೇ ಬೇಕಾದಷ್ಟು ಸುಣ್ಣವಿದೆ.

ಮಿಶ್ರಣದ ಪಾಲನ್ನು ಒಣ ತೂಕದ ಮೇಲೆ ಲೆಕ್ಕ ಹಾಕಿದ್ದಾರೆಯೇ ಎಂದೂ ಕೇಳಿ. ಕೆಸರನ್ನು ಒತ್ತಿ ನೀರು ಹಿಂಡುವ ಫಿಲ್ಟರ್ ಪ್ರೆಸ್‌ನಿಂದ ಬಂದ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಹಸಿ ತೂಕದಲ್ಲಿ ‘ಹತ್ತಕ್ಕೊಂದು’ ಎಂದು ಹಾಕುತ್ತಾ ಬಂದವರು, ಬಿಸಿಲಿನಲ್ಲಿ ಒಣಗಿದ ಕೆಸರು ಬಂದ ದಿನ ಅದೇ ಅಳತೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಕ್ರೋಮ್ ಹಾಕಿರುತ್ತಾರೆ.

ನಾನು ನೋಡಿದ ಘಟಕದಲ್ಲಿ ಮೊದಲ ಸಲದ ಇಟ್ಟಿಗೆಗಳಲ್ಲಿ ತೊಂದರೆಯೇ ಇರಲಿಲ್ಲ. ಮಣ್ಣೂ ಅದೇ, ಪಾಲೂ ಅದೇ. ಏನು ಬದಲಾಯಿತೆಂದು ಎರಡು ದಿನ ಕೇಳಿದ ಮೇಲೆ ಗೊತ್ತಾಯಿತು: ಕೆಸರು ಪ್ರೆಸ್‌ನಲ್ಲಿ ಬೇಗ ನೀರು ಬಿಡಲಿ ಎಂದು ಕೆಸರಿನ ಕಣಗಳನ್ನು ಒಟ್ಟುಗೂಡಿಸುವ ಪಾಲಿಮರ್ ನಿಲ್ಲಿಸಿ ಸುಣ್ಣ ಹಾಕಲು ಶುರುಮಾಡಿದ್ದರು. ಕೆಸರು ಒಳ್ಳೆ ಗಟ್ಟಿ ಬಿಲ್ಲೆಯಾಗಿ ಬರುತ್ತಿತ್ತು, ಎಲ್ಲರಿಗೂ ಖುಷಿಯಾಗಿತ್ತು. ಇಟ್ಟಿಗೆಯವರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಗೂಡಿನ ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. “ಮೇಲಿನ ವರಸೆಯವು ಜಾಸ್ತಿ ಹಳದಿ ಸಾರ್, ನಡುವಿನವು ಅಷ್ಟಿಲ್ಲ.” ಯಾವ ವರದಿಯಲ್ಲೂ ಇಲ್ಲದ ಮಾಹಿತಿ ಅದು. ಗಾಳಿ ಹೆಚ್ಚು ಸಿಕ್ಕ ಕಡೆ ಕ್ರೋಮೇಟ್ ಹೆಚ್ಚು. ಇಟ್ಟಿಗೆಯೊಂದನ್ನು ಅಡ್ಡ ಒಡೆದು, ಹೊರಗಿನ ಒಂದು ಸೆಂಟಿಮೀಟರನ್ನೂ ಒಳಗಿನ ಕಪ್ಪು ತಿರುಳನ್ನೂ ಬೇರೆ ಬೇರೆ ನೆನೆಸಿದೆ. ಹೊರಗಿನದು ಕಡು ನೇರಳೆ, ಒಳಗಿನದು ಹೆಚ್ಚುಕಡಿಮೆ ಬಣ್ಣವಿಲ್ಲ. ಒಳಗೆ ಉರಿಯದೆ ಉಳಿದ ಇಂಗಾಲ ಆಮ್ಲಜನಕವನ್ನು ತಾನೇ ತಿಂದು ಕ್ರೋಮನ್ನು ಮೂರರಲ್ಲೇ ಉಳಿಸಿತ್ತು. ಅದಕ್ಕೇ ಇಡೀ ಇಟ್ಟಿಗೆ ಪುಡಿಮಾಡಿ ಒಂದೇ ಅಂಕಿ ತೆಗೆದರೆ ಸಾಲದು. ಮಳೆ ತಾಗುವುದು, ಕೈ ತಾಗುವುದು ಹೊರಮೈಗೆ.

ವರದಿ ಏಕೆ ‘ಪಾಸ್’ ಎಂದಿತು

ವರದಿಯಲ್ಲಿದ್ದುದು ಟಿಸಿಎಲ್‌ಪಿ, ಅಂದರೆ ತ್ಯಾಜ್ಯದಿಂದ ವಿಷವಸ್ತು ಎಷ್ಟು ಕರಗಿ ಸೋರುತ್ತದೆ ಎಂದು ನೋಡುವ ಪರೀಕ್ಷೆ. ಮಾದರಿಯನ್ನು 9.5 ಮಿಲಿಮೀಟರ್‌ಗಿಂತ ಸಣ್ಣದಾಗಿ ಒಡೆದು, ಅದರ ಇಪ್ಪತ್ತು ಪಟ್ಟು ತೂಕದ ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಸುಮಾರು 18 ಗಂಟೆ ಉರುಳಿಸುತ್ತಾರೆ. ದ್ರಾವಣದಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 5 ಮಿಲಿಗ್ರಾಂ ಮುಟ್ಟದಿದ್ದರೆ ಪಾಸ್.

ಈಗ ಗುಣಿಸಿ ನೋಡಿ. ಒಂದು ಕಿಲೋ ಇಟ್ಟಿಗೆಗೆ ಇಪ್ಪತ್ತು ಲೀಟರ್, ಲೀಟರಿಗೆ 5 ಮಿಲಿಗ್ರಾಂ. ಅಂದರೆ ಕಿಲೋಗೆ ಸುಮಾರು 100 ಮಿಲಿಗ್ರಾಂ ಕರಗುವ ಕ್ರೋಮ್ ಇದ್ದರೆ ಮಾತ್ರ ಅದು ಫೇಲ್. ಕಿಲೋಗೆ 60 ಮಿಲಿಗ್ರಾಂ ಕ್ರೋಮೇಟ್ ಹೊತ್ತ ಇಟ್ಟಿಗೆ ನಿರಾಳವಾಗಿ ಪಾಸ್ ಆಗುತ್ತದೆ. ಅದು ತ್ಯಾಜ್ಯವನ್ನು ಯಾವ ಗುಂಡಿಗೆ ಹಾಕಬೇಕೆಂದು ನಿರ್ಧರಿಸಲು ಮಾಡಿದ ಪರೀಕ್ಷೆ. ಮನೆಯ ಗೋಡೆಗೆ ಇಡಬಹುದೇ ಎಂಬ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿರಲಿಲ್ಲ, ಅದು ಉತ್ತರವನ್ನೂ ಕೊಟ್ಟಿರಲಿಲ್ಲ. ಮರುಬಳಕೆಯ ವಸ್ತುವಿಗೆ ನೀರಿನಲ್ಲಿ ನೆನೆಸುವ ಪರೀಕ್ಷೆ ಮತ್ತು ಕ್ರೋಮ್ ಆರರ ಪ್ರತ್ಯೇಕ ಅಂಕಿ, ಎರಡೂ ಇಲ್ಲದ ವರದಿಯನ್ನು ನಾನು ಅರ್ಧ ವರದಿ ಎಂದೇ ಎಣಿಸುತ್ತೇನೆ.

ಜೊತೆಗೆ ಕಾಣುವ ಇತರ ದೋಷಗಳು

ಬಿಳಿ ಪುಡಿ ಮೇಲೆ ಬರುವುದು: ಹಸಿ ಚರ್ಮ ಕೆಡದಂತೆ ಹಾಕಿದ ಉಪ್ಪು, ಜೊತೆಗೆ ಸಲ್ಫೇಟ್. ಇದು ಕ್ರೋಮ್ ಅಲ್ಲ, ಆದರೆ ಗಾರೆಯನ್ನು ತಿನ್ನುತ್ತದೆ, ಗೂಡಿನಲ್ಲಿ ಆಮ್ಲದ ಹೊಗೆ ಎಬ್ಬಿಸುತ್ತದೆ. ಚರ್ಮವನ್ನು ನೆನೆಹಾಕುವ ಮೊದಲೇ ಉಪ್ಪನ್ನು ಕೊಡವಿ ತೆಗೆಯುವುದು ಇದಕ್ಕೆ ಮದ್ದು.

ಸಿಮೆಂಟ್ ಬ್ಲಾಕ್ ಗಟ್ಟಿಯಾಗದಿರುವುದು: ಕೊಬ್ಬು ಮತ್ತು ಪ್ರೋಟೀನ್ ಸಿಮೆಂಟನ್ನು ಹಿಡಿಯಗೊಡುವುದಿಲ್ಲ. ವಾರಗಳ ನಂತರ ಉಬ್ಬಿ ಬಿರುಕು ಬಿಟ್ಟರೆ ಸಲ್ಫೇಟ್. ಸಿಮೆಂಟಿನಲ್ಲೇ ಸ್ವಲ್ಪ ಕ್ರೋಮ್ ಆರು ಇರುತ್ತದೆ ಎಂಬುದು ನೆನಪಿರಲಿ. ಕೆಸರಿಲ್ಲದ ಬ್ಲಾಕ್ ಒಂದನ್ನು ಇಲ್ಲಿಯೂ ಹೋಲಿಕೆಗೆ ಇಡಬೇಕು.

ಗೊಬ್ಬರ ಹಾಕಿದ ಗಿಡದ ಎಲೆಯಂಚು ಸುಡುವುದು: ಮೊದಲು ಉಪ್ಪನ್ನು ಅಳೆಯಿರಿ. ಆದರೆ ಕ್ರೋಮ್ ಸೇರಿದ ಕೆಸರನ್ನು ಗೊಬ್ಬರ ಮಾಡಲೇಬಾರದು ಎಂಬುದು ನನ್ನ ಖಚಿತ ನಿಲುವು. ಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದೇ ಇರುತ್ತದೆ, ಒಮ್ಮೆ ಹರಡಿದ್ದನ್ನು ವಾಪಸ್ ಬಾಚಲಾಗುವುದಿಲ್ಲ. ಕ್ರೋಮ್ ತಾಗುವ ಮೊದಲೇ ಬಂದ ಮಾಂಸದ ಚೂರು, ಕೂದಲು ಬೇರೆ ವಿಷಯ. ಅವನ್ನು ಬಯೋಗ್ಯಾಸ್‌ಗೆ, ಗೊಬ್ಬರಕ್ಕೆ ಬಳಸಬಹುದು, ಸಲ್ಫೈಡ್ ಮತ್ತು ಉಪ್ಪು ನೋಡಿಕೊಂಡು.

ಸರಿಪಡಿಸುವುದು

ಹಳದಿ ಬಿಟ್ಟ ಇಟ್ಟಿಗೆಗೆ ಬಣ್ಣ ಬಳಿಯುವುದು, ಒಳಗೋಡೆಗೆ ಬಳಸುವುದು, ಗುಂಡಿ ತುಂಬಲು ಕೊಡುವುದು ಮೂರೂ ಬೇಡ. ಇಡೀ ರಾಶಿಯನ್ನು ಚಾವಣಿಯ ಕೆಳಗೆ, ನೀರಿಳಿಯದ ನೆಲದ ಮೇಲೆ ಕೂಡಿಹಾಕಿ. ಒಣಗಿದ್ದಾಗ ಕತ್ತರಿಸಬೇಡಿ, ಗುಡಿಸಬೇಡಿ.

ಇರುವುದನ್ನು ಇಳಿಸಲು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಒಂದು ಗ್ರಾಂ ಕ್ರೋಮ್ ಆರಕ್ಕೆ ಲೆಕ್ಕದ ಪ್ರಕಾರ ಸುಮಾರು 16 ಗ್ರಾಂ ಹರಳು ಬೇಕು. ಕೆಲಸದಲ್ಲಿ ಅದರ ಎರಡು ಮೂರು ಪಟ್ಟು ಹಾಕಬೇಕಾಗುತ್ತದೆ. ಹರಳು ಹಸಿರಾಗಿರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಗಾಳಿಯೇ ಅದರ ಬಲವನ್ನು ತಿಂದಿದೆ. ಇಟ್ಟಿಗೆಯನ್ನು ಒದ್ದೆಯಾಗಿ ಪುಡಿಮಾಡಿ, ದ್ರಾವಣದಲ್ಲಿ ಕಲಸಿ, ಪಿಎಚ್ 8–9ಕ್ಕೆ ತಂದು ನಿಲ್ಲಿಸಿ. ಹಳದಿ ಹೋಗಿ ಹಸಿರುಕಂದು ಗಸಿ ಕೂರುತ್ತದೆ. ಈ ಪುಡಿ ಇಟ್ಟಿಗೆಯಾಗಿ ಮತ್ತೆ ಗೂಡಿಗೆ ಹೋಗಬಾರದು, ಹೋದರೆ ಮೊದಲಿನಿಂದ ಶುರು. ಅಪಾಯಕಾರಿ ತ್ಯಾಜ್ಯಕ್ಕೆಂದು ಕಟ್ಟಿದ ಗುಂಡಿಗೇ ಹೋಗಬೇಕು.

ಮುಂದೆ ಹುಟ್ಟದಂತೆ ತಡೆಯಬೇಕಾದರೆ ಕೊಳವೆಯನ್ನು ಬೇರೆ ಮಾಡಬೇಕು. ಕ್ರೋಮ್ ಹದದ ನೀರು ಸುಣ್ಣದ ನೀರಿನ ಜೊತೆ ಸೇರುವ ಮೊದಲೇ ಅದನ್ನು ಪ್ರತ್ಯೇಕ ತೊಟ್ಟಿಗೆ ತಿರುಗಿಸಿ. ಜರಡಿ ಹಿಡಿದು ನಾರು, ಕೊಬ್ಬು ತೆಗೆಯಿರಿ. ಮೆಗ್ನೀಸಿಯಂ ಆಕ್ಸೈಡ್ ಹಾಕಿ ನಿಧಾನ ಕಲಕುತ್ತಾ ಪಿಎಚ್ 8 ದಾಟಿಸಿದರೆ ಕ್ರೋಮ್ ಹೈಡ್ರಾಕ್ಸೈಡ್ ಮರಳಿನಂತೆ ಒತ್ತಾಗಿ ಕೂರುತ್ತದೆ. ತಿಳಿನೀರು ಹರಿಸಿ, ಗಸಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಪಿಎಚ್ 2.5ರ ಸುಮಾರಿಗೆ ತಂದರೆ ಅದೇ ಹದದ ದ್ರಾವಣ, ಮತ್ತೆ ಚರ್ಮ ಹದಮಾಡುವ ಡ್ರಮ್ಮಿಗೆ ಹೋಗುತ್ತದೆ. ಸೋಡಾ ಹಾಕಿ ಕೂರಿಸಿದರೆ ಗಸಿ ಹತ್ತಿಯ ಹಾಗೆ ಉಬ್ಬಿ ದಿನವಿಡೀ ತೇಲುತ್ತದೆ. ‘ಕೂರುತ್ತಿಲ್ಲ’ ಎಂದು ದೂರುವವರಲ್ಲಿ ಹೆಚ್ಚಿನವರು ಸೋಡಾ ಬಳಸಿರುತ್ತಾರೆ, ಇಲ್ಲವೇ ಕೊಬ್ಬು ತೆಗೆದಿರುವುದಿಲ್ಲ.

ಆ ಘಟಕದಲ್ಲಿ ಸುಣ್ಣ ನಿಲ್ಲಿಸಿ ಮತ್ತೆ ಪಾಲಿಮರ್‌ಗೆ ಹೋದರು, ಕ್ರೋಮ್ ನೀರಿಗೆ ಬೇರೆ ಕೊಳವೆ ಹಾಕಿದರು. ಹಳೆಯ ಇಟ್ಟಿಗೆಗಳ ಪುಡಿಗೆ ಅನ್ನಭೇದಿ ಕೊಟ್ಟ ಮರುದಿನ ನೇರಳೆ ಪರೀಕ್ಷೆ ಮಾಡಿದಾಗ ಗಾಜಿನ ಕೊಳವೆಯಲ್ಲಿದ್ದದ್ದು ನೀರಿನಂತೆ ತಿಳಿಯಾಗಿತ್ತು. ಏಳನೆಯ ದಿನವೂ ತಿಳಿ. ಇಪ್ಪತ್ತೆಂಟನೆಯ ದಿನ ನೋಡಿದರೆ ದಪ್ಪ ಚೂರುಗಳಿದ್ದ ಮೂಲೆಯ ಮಾದರಿಯಲ್ಲಿ ಮತ್ತೆ ತಿಳಿಗುಲಾಬಿ. ಚೂರಿನ ಒಳಗಿದ್ದದ್ದು ನಿಧಾನವಾಗಿ ಹೊರಗೆ ಬಂದಿತ್ತು. ಅಷ್ಟನ್ನೂ ಇನ್ನಷ್ಟು ನುಣ್ಣಗೆ ಅರೆಸಿ ಎರಡನೆಯ ಸಲ ಅನ್ನಭೇದಿ ಹಾಕಿಸಿದೆ, ಪರೀಕ್ಷೆಯ ದಿನಗಳನ್ನು ಮತ್ತೆ ಒಂದರಿಂದ ಎಣಿಸಿದೆ.